ಫ್ಲೂ ಇಂಜೆಕ್ಷನ್: ನೆಗಡಿ ನಿಲ್ಲಲ್ಲ, ಆದರೂ ಹಾಕಿಸಿ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಎರಡು ವರ್ಷ ಮೂರು ತಿಂಗಳು. ಜೂನ್‌ನಲ್ಲಿ ಪ್ಲೇಹೋಮ್‌ಗೆ ಸೇರಿಸುತ್ತಿದ್ದೇವೆ. ಇಲ್ಲಿನ ಮಕ್ಕಳ ಡಾಕ್ಟರ್ ಫ್ಲೂ ಲಸಿಕೆ ಹಾಕಿಸಿ ಅಂದರು. ಈ ವರ್ಷ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಒಂದಕ್ಕೇ ಎರಡು ಸಾವಿರದ ಹತ್ತಿರ ಆಗುತ್ತೆ. ‘ಅಷ್ಟು ಬೇಕಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲೇ ಕೊಡ್ತಿದ್ರು, ಇದೆಲ್ಲ ದುಡ್ಡು ಮಾಡೋ ದಾರಿ’ ಅಂತಾರೆ ನಮ್ಮ ಯಜಮಾನರು. ಅತ್ತೆಗೆ ಕಷಾಯ ಸಾಕು. ಪಕ್ಕದ ಮನೆ ಮಗುವಿಗೆ ಹಾಕಿಸಿದ್ದಾರೆ, ಅದಕ್ಕೆ ತಿಂಗಳಿಗೊಂದು ಸಲ ನೆಗಡಿ ತಪ್ಪಿಲ್ಲ. ತಾಯಿ ಕಾರ್ಡ್‌ನಲ್ಲಿರುವ ಪೆಂಟಾವೇಲೆಂಟ್‌ನಲ್ಲೇ ಇನ್‌ಫ್ಲುಯೆಂಜಾ ಸೇರಿದೆ ಅಂತಲೂ ಯಾರೋ ಹೇಳಿದರು. ಏನು ಮಾಡಲಿ?
ಓದುಗರು, ತುಮಕೂರು

ಉತ್ತರ: ಹಾಕಿಸಿ. ಯಾಕೆ ಅಂತ ಹೇಳುತ್ತೇನೆ, ಮನೆಯವರಿಗೂ ಓದಿ ಹೇಳಿ.

ಮೊದಲು ತಾಯಿ ಕಾರ್ಡ್ ವಿಷಯ. ಪೆಂಟಾವೇಲೆಂಟ್‌ನಲ್ಲಿ ಐದು ರೋಗಗಳಿಗೆ ಲಸಿಕೆ ಇದೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್. ಈ ಹಿಬ್‌ನ ಪೂರ್ತಿ ಹೆಸರಲ್ಲಿ ಇನ್‌ಫ್ಲುಯೆಂಜಾ ಅಂತ ಬರುತ್ತದೆ, ಅದಕ್ಕೇ ಈ ಗೊಂದಲ. ಅದೊಂದು ಬ್ಯಾಕ್ಟೀರಿಯಾ. ಮಕ್ಕಳಿಗೆ ಮೆದುಳು ಜ್ವರ, ನ್ಯುಮೋನಿಯಾ ತರುತ್ತದೆ. ಫ್ಲೂ ಬರುವುದು ವೈರಸ್‌ನಿಂದ. ಅಂದರೆ ನಿಮ್ಮ ಮಗಳಿಗೆ ಫ್ಲೂ ಲಸಿಕೆ ಇನ್ನೂ ಬಿದ್ದಿಲ್ಲ.

ಪಕ್ಕದ ಮನೆ ಮಗುವಿನ ಮಾತಿಗೆ ಬರೋಣ. ಪ್ಲೇಹೋಮ್‌ಗೆ, ಅಂಗನವಾಡಿಗೆ ಹೋಗಲು ಶುರು ಮಾಡಿದ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಕೆಮ್ಮು ಬರುವುದು ಮಾಮೂಲು. ನೆಗಡಿ ತರುವ ವೈರಸ್‌ಗಳು ನೂರಾರು. ಈ ಲಸಿಕೆ ತಡೆಯುವುದು ಅದರಲ್ಲಿ ಫ್ಲೂ ಒಂದನ್ನು ಮಾತ್ರ. ಅದನ್ನೂ ನೂರಕ್ಕೆ ನೂರು ತಡೆಯಲ್ಲ. ಆ ವರ್ಷ ಹರಡುವ ವೈರಸ್‌ಗೆ ಲಸಿಕೆ ಸರಿಯಾಗಿ ಹೊಂದಿಕೊಂಡರೆ ಫ್ಲೂನಿಂದ ಡಾಕ್ಟರ್ ಹತ್ತಿರ ಓಡುವ ಪ್ರಸಂಗ ಶೇ 40ರಿಂದ 60ರಷ್ಟು ಕಡಿಮೆ ಆಗುತ್ತದೆ. ಇದು ಕಡಿಮೆ ಅನ್ನಿಸಬಹುದು. ಆದರೆ ಹಾಕಿಸಿಕೊಂಡ ಮೇಲೂ ಫ್ಲೂ ಬಂದ ಮಕ್ಕಳಲ್ಲಿ ಅದು ಎದೆಗೆ ಇಳಿದು, ಉಸಿರಾಟಕ್ಕೆ ತೊಂದರೆಯಾಗಿ, ಆಕ್ಸಿಜನ್ ಹಾಕಿ ಮಲಗಿಸುವ ಹಂತಕ್ಕೆ ಹೋಗುವುದು ಬಹಳ ಕಡಿಮೆ, ನಾವು ಈ ಲಸಿಕೆಗೆ ಇಷ್ಟು ಒತ್ತಾಯ ಮಾಡುವುದೇ ಅದಕ್ಕೋಸ್ಕರ. 2009ರಲ್ಲಿ ಹಂದಿಜ್ವರ ಅಂತ ಎಲ್ಲರೂ ಹೆದರಿದ್ದ ಎಚ್1ಎನ್1 ಈಗ ವರ್ಷ ವರ್ಷ ಬರುವ ಫ್ಲೂಗಳಲ್ಲಿ ಒಂದು. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್3ಎನ್2 ಬಂದು ಹಿರಿಯರೊಬ್ಬರು ತೀರಿಕೊಂಡ ಸುದ್ದಿ ನೆನಪಿರಬಹುದು, ಅದೂ ಫ್ಲೂನೇ. ಹಿರಿಯರ ಹಾಗೆ ಐದು ವರ್ಷದೊಳಗಿನವರಿಗೂ ಅಪಾಯ ಇದೆ, ಎರಡು ವರ್ಷದೊಳಗೆ ಇನ್ನೂ ಜಾಸ್ತಿ.

ಇನ್ನು ಯಜಮಾನರ ಪ್ರಶ್ನೆ. ಅವರು ಕೇಳಿದ್ದು ನ್ಯಾಯವೇ. ಸರ್ಕಾರದ ಪಟ್ಟಿಯಲ್ಲಿ ಇದು ಇಲ್ಲ, ನಿಜ. ಆದರೆ ಇಡೀ ದೇಶದ ಮಕ್ಕಳಿಗೆ ಪ್ರತಿ ವರ್ಷ ಹೊಸ ಲಸಿಕೆ ಕೊಳ್ಳುವ ಲೆಕ್ಕವೇ ಬೇರೆ, ಒಂದು ಮಗುವಿಗೆ ಅದು ಬೇಕಾ ಬೇಡವಾ ಅನ್ನುವ ಲೆಕ್ಕವೇ ಬೇರೆ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯನ್ನೇ ನೋಡಿ. ಎಷ್ಟೋ ವರ್ಷ ಅದು ದುಡ್ಡು ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ದೇಶದ ಎಲ್ಲ ಮಕ್ಕಳಿಗೂ ಉಚಿತವಾಗಿ ಸಿಕ್ಕಿದ್ದು 2021ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಅದು ಬೇಕಿರಲಿಲ್ಲ ಅನ್ನಲು ಆಗುತ್ತಾ? ಮಕ್ಕಳ ವೈದ್ಯರ ರಾಷ್ಟ್ರೀಯ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಆರು ತಿಂಗಳಿಂದ ಐದು ವರ್ಷದವರೆಗೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ ಅನ್ನುತ್ತದೆ.

ದುಡ್ಡಿನ ತೊಂದರೆ ಇದ್ದರೆ ಸಂಕೋಚ ಬೇಡ, ಡಾಕ್ಟರ್‌ಗೆ ಹೇಳಿ. ಮೊದಲು ಕಾರ್ಡ್ ತೆಗೆದು ಉಚಿತ ಲಸಿಕೆ ಯಾವುದಾದರೂ ಬಿಟ್ಟುಹೋಗಿದೆಯಾ ನೋಡಿ. 16ರಿಂದ 24 ತಿಂಗಳೊಳಗಿನ ದಡಾರ-ರುಬೆಲ್ಲಾ ಎರಡನೇ ಡೋಸ್, ಡಿಪಿಟಿ ಬೂಸ್ಟರ್ ಇವನ್ನು ತುಂಬಾ ಜನ ಮರೆಯುತ್ತಾರೆ. ಅದು ಮುಗಿಸಿ, ಫ್ಲೂ ಆಮೇಲೆ.

ಯಾವಾಗ ಹಾಕಿಸಬೇಕು? ನಮ್ಮ ಕಡೆ ಫ್ಲೂ ಮಳೆಗಾಲದಲ್ಲಿ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು ಬರುತ್ತದೆ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಹಾಕುವಾಗ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಎರಡನೆಯದು ಹಾಕಿಸಿದ ಮೇಲೂ ಪೂರ್ತಿ ರಕ್ಷಣೆ ಬರಲು ಎರಡು ವಾರ. ಹಿಂದಕ್ಕೆ ಲೆಕ್ಕ ಹಾಕಿದರೆ ಏಪ್ರಿಲ್ ಕೊನೆಗೆ ಶುರು ಮಾಡಿದರೆ ಪ್ಲೇಹೋಮ್ ಬಾಗಿಲು ತೆಗೆಯುವಷ್ಟರಲ್ಲಿ ಎರಡೂ ಮುಗಿದಿರುತ್ತದೆ. ಹಾಕುವ ಮುಂಚೆ ಲಸಿಕೆ ಡಬ್ಬಿ ತೋರಿಸಿ ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ವೈರಸ್ ರೂಪ ಬದಲಾಯಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಕ್ಕೆ, ಲಸಿಕೆಯಲ್ಲಿ ಏನಿರಬೇಕು ಅಂತ ಹೇಳುತ್ತದೆ. ಡಬ್ಬಿ ಮೇಲೆ ಎನ್‌ಎಚ್ (ಉತ್ತರ ಗೋಳ) ಅಥವಾ ಎಸ್‌ಎಚ್ (ದಕ್ಷಿಣ ಗೋಳ) ಅಂತ, ಪಕ್ಕದಲ್ಲಿ ವರ್ಷ ಇರುತ್ತದೆ. ಆ ಹೊತ್ತಿಗೆ ಸಿಗುವುದರಲ್ಲಿ ಹೊಸದು ಯಾವುದೋ ಅದು ಇರಲಿ. ಹೋದ ವರ್ಷದ ಸ್ಟಾಕ್ ಬೇಡ.

ಇಂಜೆಕ್ಷನ್‌ನಲ್ಲಿರುವುದು ಸತ್ತ ವೈರಸ್, ಅದರಿಂದ ಫ್ಲೂ ಬರಲ್ಲ. ಚುಚ್ಚಿದ ಕಡೆ ನೋವು, ಒಂದೆರಡು ದಿನ ಸಣ್ಣ ಜ್ವರ, ಸ್ವಲ್ಪ ರಗಳೆ, ಇಷ್ಟು ಆಗಬಹುದು. ಸಣ್ಣ ನೆಗಡಿ ಇದ್ದರೂ ಹಾಕಿಸಬಹುದು, ಜೋರು ಜ್ವರ ಇದ್ದರೆ ಇಳಿಯುವವರೆಗೆ ಕಾಯಿರಿ.

ಅತ್ತೆಯವರ ಕಷಾಯ ಗಂಟಲಿಗೆ ಹಿತ. ಕುಡಿಸಲಿ, ಸುಮ್ನೆ ಜಗಳ ಯಾಕೆ. ಆದರೆ ಅದು ಲಸಿಕೆಯ ಕೆಲಸ ಮಾಡಲ್ಲ. ಅವರಿಗೆ ಅರವತ್ತು ದಾಟಿದ್ದರೆ, ಶುಗರ್ ಇದ್ದರೆ, ಅವರಿಗೂ ಫ್ಲೂ ಇಂಜೆಕ್ಷನ್ ಒಳ್ಳೆಯದು ಅಂತ ನೀವೇ ನಿಧಾನವಾಗಿ ಹೇಳಿ ನೋಡಿ.

ಪ್ರಶ್ನೆ: ಮನೆಯಲ್ಲಿ ನಾಲ್ಕು ತಿಂಗಳ ಹಸುಗೂಸಿದೆ. ಅಣ್ಣನಿಗೆ ಆರು ವರ್ಷ, ಚಳಿಗಾಲ ಬಂದರೆ ವೀಸಿಂಗ್, ಇನ್‌ಹೇಲರ್ ಇದೆ. ಮೊಟ್ಟೆ ತಿಂದರೆ ಅವನಿಗೆ ಮೈಮೇಲೆ ದದ್ದು ಏಳುತ್ತದೆ. ಫ್ಲೂ ಲಸಿಕೆ ಮೊಟ್ಟೆಯಲ್ಲಿ ಮಾಡುತ್ತಾರಂತೆ. ಹಾಕಿಸಬಹುದಾ?
ಓದುಗರು, ಶಿರಸಿ

ಉತ್ತರ: ಐದು ದಾಟಿದರೂ ಅವನಿಗೆ ಹಾಕಿಸಲೇಬೇಕು, ವೀಸಿಂಗ್ ಇರುವ ಮಗುವಿಗೆ ಫ್ಲೂ ಬಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಮೊಟ್ಟೆ ಅಲರ್ಜಿ ಅಡ್ಡಿಯಲ್ಲ. ಲಸಿಕೆಯಲ್ಲಿ ಉಳಿಯುವ ಮೊಟ್ಟೆ ಅಂಶ ತೀರಾ ಅತ್ಯಲ್ಪ. ಡಾಕ್ಟರ್‌ಗೆ ವಿಷಯ ಹೇಳಿ, ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಹಿಂದೆ ಇದೇ ಲಸಿಕೆಯಿಂದ ಉಸಿರು ಕಟ್ಟುವಂಥ ಅಲರ್ಜಿ ಆಗಿದ್ದವರು ಮಾತ್ರ ಹಾಕಿಸಬಾರದು.

ಹಸುಗೂಸಿಗೆ ಆರು ತಿಂಗಳು ತುಂಬದೆ ಹಾಕುವಂತಿಲ್ಲ. ಅಲ್ಲಿಯವರೆಗೆ ಅದನ್ನು ಎತ್ತಿ ಆಡಿಸುವವರೆಲ್ಲ ಹಾಕಿಸಿಕೊಳ್ಳಿ: ಅಣ್ಣ, ನೀವು, ಅಜ್ಜ ಅಜ್ಜಿ, ಮಗುವಿನ ತಾಯಿ. ಹಾಲುಣಿಸುವ ತಾಯಿಗೆ ಇದರಿಂದ ತೊಂದರೆ ಇಲ್ಲ. ಬಸುರಿಯಲ್ಲೇ ಹಾಕಿಸಿಕೊಂಡರೆ ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ರಕ್ಷಣೆ ಸಿಗುತ್ತದೆ.

ಪ್ರಶ್ನೆ: ಜ್ವರ ಬಂದ ಮಗುವನ್ನು ಮನೆಯಲ್ಲೇ ನೋಡಿಕೊಳ್ಳಬಹುದಾ, ಆಸ್ಪತ್ರೆಗೆ ಯಾವಾಗ ಹೋಗಬೇಕು?
ಓದುಗರು, ಕೊಪ್ಪಳ

ಉತ್ತರ: ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಜಾಸ್ತಿ ಉಸಿರು ಬಂದರೆ ಕಾಯಬೇಡಿ, ಹೊರಡಿ. ಪಕ್ಕೆ ಒಳಕ್ಕೆ ಎಳೆಯುವುದು, ತುಟಿ ನೀಲಿಯಾಗುವುದು, ಹಾಲು ನೀರು ಬೇಡ ಅನ್ನುವುದು, ಎಬ್ಬಿಸಿದರೂ ಕಣ್ಣು ಬಿಡದಿರುವುದು, ಫಿಟ್ಸ್, ಇದರಲ್ಲಿ ಯಾವುದಿದ್ದರೂ 108ಕ್ಕೆ ಫೋನ್ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಎಣಿಸುತ್ತಾ ಕೂರಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ ಕೊಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ, ಫ್ಲೂ ಇದ್ದಾಗ ಅದು ಲಿವರ್‌ಗೆ, ಮೆದುಳಿಗೆ ಅಪಾಯ ತರಬಹುದು. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ಆಂಟಿಬಯಾಟಿಕ್ ತರಬೇಡಿ, ಅದು ವೈರಸ್‌ಗೆ ನಾಟುವುದಿಲ್ಲ. ಫ್ಲೂಗೆ ಬೇರೆ ಔಷಧಿ ಇದೆ, ಜ್ವರ ಶುರುವಾದ ಎರಡು ದಿನದೊಳಗೆ ಕೊಟ್ಟರೆ ಅದರ ಉಪಯೋಗ ಜಾಸ್ತಿ, ಹಾಗಾಗಿ ವೀಸಿಂಗ್, ಹೃದಯದ ತೊಂದರೆ ಇರುವ ಮಗುವಿಗೆ ಜ್ವರ ಬಂದರೆ ಮೊದಲ ದಿನವೇ ತೋರಿಸಿ.