ಎಂಜಲು ಪರೀಕ್ಷೆ ಸಾಕಾ, ಬಯಾಪ್ಸಿ ಬೇಕಾ?

ಎಲೆಅಡಿಕೆ, ತಂಬಾಕು ಹಾಕುವ ತಂದೆಯವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸೋದು) ಬದಲು ಎಂಜಲಿನ ಬಯೋಮಾರ್ಕರ್ (ರೋಗದ ಸುಳಿವು ಕೊಡುವ ವಸ್ತು) ಪರೀಕ್ಷೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ಬಾಯಿ ಕ್ಯಾನ್ಸರ್ ಇರುವವರ ಎಂಜಲಿನಲ್ಲಿ ಇಂಟರ್‌ಲ್ಯೂಕಿನ್-8ರಂಥ ಪ್ರೋಟೀನ್ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ, ನಿಜ. ಆದರೆ ವಸಡು ಊದಿಕೊಂಡಿದ್ದರೂ ಅದು ಏರಬಹುದು. ತಂಬಾಕು ಹಾಕುವವರ ವಸಡು ಚೆನ್ನಾಗಿರೋದು ಅಪರೂಪ, ಅಲ್ವಾ? ವರದಿ ನೋಡಿ ಸುಮ್ನೆ ಹೆದರಬಹುದು, ಇಲ್ಲಾ ಸುಮ್ನೆ ನಿರಾಳ ಆಗಬಹುದು. ಎರಡನೆಯದೇ ಜಾಸ್ತಿ ಅಪಾಯ.

ಖಚಿತ ಉತ್ತರ ಕೊಡೋದು ಬಯಾಪ್ಸಿಯೇ. ಜಾಗ ಮರಗಟ್ಟಿಸಿ ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು ತೆಗೆಯುತ್ತಾರೆ, ಒಂದೆರಡು ಹೊಲಿಗೆ ಹಾಕುತ್ತಾರೆ, ಅಷ್ಟೇ. ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತಿಗೆ ಕಿವಿಗೊಡಬೇಡಿ. ಮಚ್ಚೆಯ ನಡುವೆ ಕೆಂಪು ಕಂಡರೆ, ಮುಟ್ಟಿದಾಗ ಗಟ್ಟಿ ಅನ್ನಿಸಿದರೆ ಈ ವಾರವೇ ತೋರಿಸಿ. ತಂಬಾಕು ಬಿಟ್ಟು ಬರೀ ಅಡಿಕೆ ಹಾಕ್ತೀನಿ ಅಂದರೂ ಒಪ್ಪಬೇಡಿ, ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರಬಹುದು.