ಓದುಗರ ಪ್ರಶ್ನೆ, ತಜ್ಞರ ಉತ್ತರ: ಜೀನ್ ವರದಿ ಕೈಗೆ ಬಂದಾಗ

ಪ್ರಶ್ನೆ: ಅಮ್ಮನಿಗೆ 42ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿತ್ತು, ಈಗ ಗುಣವಾಗಿದ್ದಾರೆ. ಭಯಕ್ಕೆ ನಾನು ಜೀನ್ ಪರೀಕ್ಷೆ ಮಾಡಿಸಿಕೊಂಡೆ. ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರ್‌ನ ಸಂಭವ ಹೆಚ್ಚಿಸುವ ಬಿಆರ್‌ಸಿಎ2 ಜೀನ್‌ನಲ್ಲಿ ‘ವಿಯುಎಸ್’ ಇದೆ ಎಂದು ಬಂದಿದೆ. ಸ್ತನ ತೆಗೆಸಬೇಕೇ?

ಉತ್ತರ: ಈ ವರದಿಯೊಂದನ್ನೇ ಹಿಡಿದು ಆಪರೇಷನ್‌ಗೆ ಹೋಗಬೇಡಿ. ಲ್ಯಾಬ್‌ನವರು ಜೀನ್ ಬದಲಾವಣೆಗಳನ್ನು ಐದು ದರ್ಜೆಗಳಲ್ಲಿ ಇಡುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ವಿಯುಎಸ್ ಎಂದರೆ ನಡುವಿನ ‘ಅನಿಶ್ಚಿತ’ ದರ್ಜೆ. ಬದಲಾವಣೆ ಇದೆ, ಅದು ಕೆಡುಕೋ ಅಲ್ಲವೋ ಹೇಳಲು ಪುರಾವೆ ಸಾಲದು. ಮುಂದೆ ದರ್ಜೆ ಬದಲಾದಾಗ ಇಂಥವುಗಳಲ್ಲಿ ಹೆಚ್ಚಿನವು ನಿರುಪದ್ರವಿಯ ಕಡೆಗೇ ಸರಿಯುತ್ತವೆ. ಒಂದೆರಡು ವರ್ಷಕ್ಕೊಮ್ಮೆ ಲ್ಯಾಬ್‌ಗೆ ಕೇಳಿ. ಅವರಾಗಿಯೇ ತಿಳಿಸುತ್ತಾರೆಂದು ಕಾಯಬೇಡಿ.

ನಿಜವಾದ ಎಡವಟ್ಟು ಬೇರೆ ಕಡೆ ಇದೆ. ಮೊದಲು ಪರೀಕ್ಷೆ ಆಗಬೇಕಿದ್ದದ್ದು ನಿಮ್ಮ ತಾಯಿಯವರಿಗೆ. ಅವರಲ್ಲಿ ರೋಗಕಾರಕ ಬದಲಾವಣೆ ಸಿಕ್ಕರೆ, ನಿಮ್ಮಲ್ಲಿ ಆ ಒಂದು ಜಾಗವನ್ನು ನೋಡಿದರಾಯಿತು. ಇಲ್ಲವೆಂದು ಬಂದರೆ ಆ ಮಾತು ನಂಬಬಹುದು. ರೋಗ ಬಂದವರನ್ನು ಬಿಟ್ಟು ಮಗಳನ್ನೇ ಪರೀಕ್ಷಿಸಿದರೆ ‘ನಾರ್ಮಲ್’ ಎಂಬ ವರದಿಗೂ ಅರ್ಥ ಅರೆಬರೆ: ತಾಯಿಯ ದೋಷ ನಿಮಗೆ ದಾಟಿಲ್ಲವೋ, ದೋಷ ಈ ಪರೀಕ್ಷೆ ನೋಡದ ಕಡೆ ಇದೆಯೋ ತಿಳಿಯದು. ವರದಿಯಲ್ಲಿ ಜೀನ್ ಹೆಸರಿನ ಮುಂದೆ ಅಕ್ಷರ, ಅಂಕಿ ಬೆರೆತ ಒಂದು ಸಾಲು ಇರುತ್ತದಲ್ಲ, ಬದಲಾವಣೆಯ ವಿಳಾಸ ಅದೇ. ಮನೆಯವರ ಪರೀಕ್ಷೆಗೆ ವರದಿಯ ಪ್ರತಿಯನ್ನೇ ಕೊಡಿ, ಬಾಯಲ್ಲಿ ಹೇಳಬೇಡಿ. ಅಲ್ಲಿಯತನಕ ನಿಮ್ಮ ತಪಾಸಣೆ ಮನೆತನದ ಇತಿಹಾಸ ನೋಡಿ ನಡೆಯಲಿ, ವಿಯುಎಸ್ ನೋಡಿ ಅಲ್ಲ.

ಪ್ರಶ್ನೆ: ಬಿಆರ್‌ಸಿಎ1 ದೋಷವಿದ್ದರೆ ಕ್ಯಾನ್ಸರ್ ಬಂದೇ ಬರುತ್ತದೆಯೇ? ಅಪ್ಪನಿಂದಲೂ ಬರಬಹುದೇ?

ಉತ್ತರ: ಬಂದೇ ಬರುತ್ತದೆ ಎಂದಿಲ್ಲ. ದೊಡ್ಡ ಅಧ್ಯಯನವೊಂದರ ಅಂದಾಜಿನಂತೆ 80 ವರ್ಷದೊಳಗೆ ಅಂಥ 100 ಮಹಿಳೆಯರಲ್ಲಿ ಸುಮಾರು 72 ಮಂದಿಗೆ ಸ್ತನದ, 44 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಅಪ್ಪನಿಂದ ದಾಟುವ ಸಂಭವವೂ ಅಮ್ಮನಷ್ಟೇ, 50%. ಸೋದರತ್ತೆಯ ಕಾಯಿಲೆಯನ್ನು ವೈದ್ಯರಿಗೆ ಹೇಳಲು ಜನ ಮರೆಯುವುದು ಇಲ್ಲೇ.

ಪ್ರಶ್ನೆ: ನಾವಿಬ್ಬರೂ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರು, ಅಂದರೆ ದೋಷದ ಜೀನ್ ಇದೆ, ಕಾಯಿಲೆ ಇಲ್ಲ. ಮೊದಲ ಮಗುವಿಗೆ ಕಾಯಿಲೆ ಇದೆ. ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು ಎಂದರೆ ಮುಂದಿನ ಮೂರು ಮಕ್ಕಳು ಆರೋಗ್ಯವಾಗಿರುತ್ತವೆಯೇ?

ಉತ್ತರ: ಇಲ್ಲ. ಪ್ರತಿ ಬಸಿರಿಗೂ ಲೆಕ್ಕ ಹೊಸದಾಗಿ ಶುರು: ಕಾಯಿಲೆ 25%, ಬರೀ ವಾಹಕ 50%, ಎರಡೂ ಇಲ್ಲದ್ದು 25%. ಸುಮಾರು 11–13ನೇ ವಾರದಲ್ಲಿ ಮಾಸಿನ ಸಣ್ಣ ಚೂರು ತೆಗೆದು ಪರೀಕ್ಷಿಸಬಹುದು. ಆದರೆ ಅದಕ್ಕೆ ನಿಮ್ಮಿಬ್ಬರ ಬದಲಾವಣೆ ಯಾವುದೆಂದು ಮೊದಲೇ ಗೊತ್ತಿರಬೇಕು. ವಾಹಕರೆಂದು ತೋರಿಸುವ ಹಿಮೋಗ್ಲೋಬಿನ್ ಎ2 ಪರೀಕ್ಷೆ ಅದನ್ನು ಹೇಳುವುದಿಲ್ಲ. ಇಬ್ಬರ ಡಿಎನ್‌ಎ ಪರೀಕ್ಷೆಯೇ ಆಗಬೇಕು. ಬಸಿರಾದ ಮೇಲೆ ಓಡಾಡಿದರೆ ವಾರಗಳು ವರದಿಗೆ ಕಾಯುವುದರಲ್ಲೇ ಹೋಗುತ್ತವೆ, ಈಗಲೇ ಮಾಡಿಸಿ.