ಬರ್ಬನ್‌ಗೆ ವಯಸ್ಸು ಕೇಳುವ ಮೊದಲು ಬ್ಯಾರೆಲ್ ಕೇಳಿ

ಪ್ರಶ್ನೆ: ಮಗ ಅಮೆರಿಕದಿಂದ 6 ವರ್ಷದ ಬರ್ಬನ್ ವಿಸ್ಕಿ ತಂದಿದ್ದಾನೆ. ಮನೆಯಲ್ಲಿ 18 ವರ್ಷದ ಸ್ಕಾಚ್ ಇದೆ. ಬರ್ಬನ್ ಇನ್ನೂ ಎಳಸು, ಕಡಿಮೆ ದರ್ಜೆಯದು ಅಂತ ಸ್ನೇಹಿತರು ಹೇಳ್ತಾರೆ. ಮುಂದಿನ ಸಲ ದುಡ್ಡು ಜಾಸ್ತಿಯಾದರೂ 15 ವರ್ಷದ್ದೇ ತರಿಸಲಾ?

ಬೇಡ. ಕನಿಷ್ಠ ಅದರ ರುಚಿ ನೋಡದೆ ತರಿಸಬೇಡಿ. ಈ ಪ್ರಶ್ನೆ ನನಗೆ ತಿಂಗಳು ತಿಂಗಳೂ ಬರುತ್ತದೆ. ಎಲ್ಲರೂ ವಯಸ್ಸು ಹಿಡಿದುಕೊಂಡು ಕೂರುತ್ತಾರೆ, ಬ್ಯಾರೆಲ್ ಬಗ್ಗೆ ಒಬ್ಬರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ವಿಸ್ಕಿಯನ್ನು ಹೊಸ ಓಕ್ ಬ್ಯಾರೆಲ್‌ನಲ್ಲೇ ಇಡಬೇಕು, ಅದರ ಒಳಮೈ ಸುಟ್ಟಿರಬೇಕು. ಅಮೆರಿಕದ ಕಾನೂನೇ ಹಾಗಿದೆ. ಒಮ್ಮೆ ಬಳಸಿದ ಬ್ಯಾರೆಲ್‌ಗೆ ಮತ್ತೆ ಬರ್ಬನ್ ತುಂಬುವಂತಿಲ್ಲ. ಸ್ಕಾಚ್‌ನವರು ಹೆಚ್ಚಾಗಿ ಕೊಳ್ಳುವುದು ಹೀಗೆ ಖಾಲಿಯಾದ ಬ್ಯಾರೆಲ್‌ಗಳನ್ನೇ. ಕಾಫಿ ಫಿಲ್ಟರ್ ಇರುವ ಮನೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಬರ್ಬನ್‌ಗೆ ಸಿಗುವುದು ಮೊದಲ ಡಿಕಾಕ್ಷನ್. ಸ್ಕಾಚ್‌ಗೆ ಸಿಗುವುದು ಎರಡನೆಯದು, ಎಷ್ಟೋ ಸಲ ಮೂರನೆಯದು. ಎರಡನೇ ಡಿಕಾಕ್ಷನ್ ಇಳಿಯಲು ಹೊತ್ತು ಬೇಕು, ಸ್ಕಾಚ್‌ಗೂ ಹಾಗೇ ವರ್ಷಗಳು ಬೇಕು. ಹಾಗಿರುವಾಗ 6ನ್ನೂ 18ನ್ನೂ ಪಕ್ಕಪಕ್ಕ ಇಟ್ಟು ದರ್ಜೆ ಕಟ್ಟುವುದರಲ್ಲಿ ಅರ್ಥವೇ ಇಲ್ಲ.

ನನ್ನ ಮೇಜಿನ ಮೇಲೆ ಹಳೇ ಬರ್ಬನ್ ಬ್ಯಾರೆಲ್‌ನ ಹಲಗೆಯ ತುಂಡೊಂದಿದೆ, ಅಡ್ಡಕ್ಕೆ ಕೊಯ್ದದ್ದು. ಒಳಮೈ ಇದ್ದಿಲಿನಷ್ಟು ಕಪ್ಪು. ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಬಿರುಕು ಬಿಟ್ಟಿದೆ. ಬೆರಳಿಟ್ಟರೆ ಈಗಲೂ ಮಸಿ ಹತ್ತುತ್ತದೆ. ಅದರ ಕೆಳಗೆ ತೆಳ್ಳಗೆ ಕೆಂಗಂದು ಪಟ್ಟಿ. ಇನ್ನೂ ಒಳಗೆ, ಮಾಸಲು ಮರದ ನಡುವೆ, ಕಲೆಯ ಹಾಗೆ ಒಂದು ಗೆರೆ ಓಡಿದೆ. ವಿಸ್ಕಿ ಮರದೊಳಗೆ ಅಲ್ಲಿವರೆಗೆ ಹೋಗಿ ಬಂದಿದೆ.

ಕಪ್ಪು ಪದರ ಹೊಸ ಸಾರಾಯಿಯ ಗಂಧಕದ ವಾಸನೆಯನ್ನು ಹೀರಿಕೊಳ್ಳುತ್ತದೆ. ಕೆಂಪು ಪದರದಲ್ಲಿ ಬಿಸಿಗೆ ಒಡೆದ ಮರದ ಸಕ್ಕರೆಗಳಿವೆ. ಬರ್ಬನ್‌ನ ಕೆಂಪಗೆ ಕಾಸಿದ ಪಾಕದ ರುಚಿ ಬರುವುದು ಅಲ್ಲಿಂದ. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಒಡೆದಾಗ ವೆನಿಲಾ ಪರಿಮಳ ಹುಟ್ಟುತ್ತದೆ. ಅಮೆರಿಕದ ಬಿಳಿ ಓಕ್‌ನಲ್ಲಿರುವ ಲ್ಯಾಕ್ಟೋನ್ ಎಂಬ ಪರಿಮಳದ ಅಂಶಗಳು ಕೊಬ್ಬರಿಯ ಘಮ ಕೊಡುತ್ತವೆ. ಇವೆಲ್ಲದರ ಜೊತೆಗೆ ಟ್ಯಾನಿನ್, ಅಂದರೆ ಒಗರು, ಅದೂ ಇಳಿಯುತ್ತದೆ. ಹದವಾಗಿದ್ದರೆ ಸಿಹಿಗೆ ಆಸರೆ. ಮಿತಿಮೀರಿದರೆ ಎಳೆ ಅಡಿಕೆ ಜಗಿದ ಹಾಗೆ ನಾಲಗೆ ಹಿಡಿಯುತ್ತದೆ. 15 ವರ್ಷದ ಬರ್ಬನ್ ಬಗ್ಗೆ ನನ್ನ ಭಯ ಇದೇ. ಒಗರು ಒಮ್ಮೆ ಇಳಿದರೆ ವಾಪಸ್ ತೆಗೆಯುವ ದಾರಿಯಿಲ್ಲ.

ಬ್ಯಾರೆಲ್ ಎಲ್ಲಿ ಮಲಗಿತ್ತು ಅನ್ನುವುದೂ ಅಷ್ಟೇ ಮುಖ್ಯ. ಬರ್ಬನ್ ತಯಾರಾಗುವ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಬೇಸಿಗೆ 30 ಡಿಗ್ರಿ ದಾಟುತ್ತದೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬಿಸಿಗೆ ವಿಸ್ಕಿ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹೊರಗೆ ಬರುತ್ತದೆ. ಅಂತಸ್ತುಗಳಿರುವ ಗೋದಾಮಿನಲ್ಲಿ ಮೇಲಿನ ಸಾಲು ಸೂರಿನ ಕಾವಿಗೆ ಬೇಯುತ್ತದೆ. ಅಲ್ಲಿನ ಒಣ ಬಿಸಿಗೆ ನೀರೇ ಜಾಸ್ತಿ ಆವಿಯಾಗಿ, ಆಲ್ಕೋಹಾಲ್ ಪ್ರಮಾಣ ಏರುತ್ತದೆ. ಕೆಳಗಿನ ಸಾಲು ತಂಪು, ಅಲ್ಲಿ ನಿಧಾನ. ಒಂದೇ ದಿನ ತುಂಬಿದ ಎರಡು ಬ್ಯಾರೆಲ್‌ಗಳು ಎಂಟು ವರ್ಷದ ನಂತರ ಒಂದೇ ಮನೆಯವು ಅನ್ನಿಸುವುದಿಲ್ಲ. ಬರ್ಬನ್ ಕಂಪನಿ ಫೋರ್ ರೋಸಸ್‌ನವರು ಒಂದೇ ಅಂತಸ್ತಿನ ಗೋದಾಮು ಕಟ್ಟಿಕೊಂಡಿರುವುದು ಈ ಏರುಪೇರು ತಪ್ಪಿಸಲು. ಇನ್ನೊಂದು ಕಂಪನಿ ಮೇಕರ್ಸ್ ಮಾರ್ಕ್‌ನವರು ಬ್ಯಾರೆಲ್‌ಗಳ ಜಾಗವನ್ನೇ ಬದಲಿಸುತ್ತಾರೆ. ನಮ್ಮ ಬೆಂಗಳೂರಿನ ವಿಸ್ಕಿ ಕಂಪನಿ ಅಮೃತ್ ಕೂಡ ಖಾಲಿ ಬರ್ಬನ್ ಬ್ಯಾರೆಲ್‌ಗಳನ್ನು ತರಿಸುತ್ತದೆ. ಇಲ್ಲಿನ ಹವೆಗೆ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡ್‌ನಲ್ಲಿ ಸುಮಾರು ಶೇ 2. ಇಲ್ಲಿ 18 ವರ್ಷ ಇಟ್ಟರೆ ಬ್ಯಾರೆಲ್‌ನಲ್ಲಿ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ.

ಹಾಗಾಗಿ ಲೇಬಲ್ಲಿನಲ್ಲಿ ಬೇರೆ ಎರಡು ಮಾತು ಹುಡುಕಿ. 'ಸ್ಟ್ರೇಟ್' ಅಂತಿದ್ದರೆ ಬ್ಯಾರೆಲ್‌ನಲ್ಲಿ ಕನಿಷ್ಠ 2 ವರ್ಷ ಇದ್ದದ್ದು. 'ಬಾಟಲ್ಡ್ ಇನ್ ಬಾಂಡ್' ಅಂತಿದ್ದರೆ 1897ರ ಕಾಯ್ದೆಯಿಂದ ಬಂದ ನಿಯಮ ಅನ್ವಯಿಸುತ್ತದೆ. ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಹಂಗಾಮಿನಲ್ಲಿ ಭಟ್ಟಿ ಇಳಿಸಿದ್ದು, ಕನಿಷ್ಠ 4 ವರ್ಷ ಇಟ್ಟದ್ದು, ಶೇ 50 ಆಲ್ಕೋಹಾಲ್. ನನ್ನ ದುಡ್ಡಾದರೆ 6ರಿಂದ 10 ವರ್ಷದ ಒಳಗೇ ನಿಲ್ಲುತ್ತೇನೆ. ಅದಕ್ಕಿಂತ ಹಳೆಯದರಲ್ಲಿ ಒಳ್ಳೆಯವು ಇಲ್ಲವೇ ಇಲ್ಲ ಅಂತಲ್ಲ. ತಂಪು ಜಾಗದಲ್ಲಿ ಮಲಗಿದ್ದ ಕೆಲವು ಬ್ಯಾರೆಲ್‌ಗಳು ನಿಜಕ್ಕೂ ಚೆನ್ನಾಗಿರುತ್ತವೆ. ಆದರೆ ಆ ಬೆಲೆ ಕೊಡುವ ಮುಂಚೆ ಒಂದು ಗುಟುಕು ಕುಡಿದು ನೋಡಿ.

ಪ್ರಶ್ನೆ: ಬಾಟಲಿಯನ್ನು ಸೀಲ್ ಒಡೆಯದೆ ಹತ್ತು ವರ್ಷ ಇಟ್ಟರೆ ಇನ್ನೂ ಮಾಗುತ್ತದಾ?

ಇಲ್ಲ. ಗಾಜಿನಿಂದ ಏನೂ ಇಳಿಯುವುದಿಲ್ಲ.

ಪ್ರಶ್ನೆ: ಬಣ್ಣ ಗಾಢವಾಗಿದ್ದರೆ ಹಳೆಯದು ಅಂತಲೇ ಅಲ್ವಾ?

ಅಲ್ಲ. ಬರ್ಬನ್‌ಗೆ ಬಣ್ಣ ಬೆರೆಸುವಂತಿಲ್ಲ, ಎಲ್ಲ ಮರದ್ದೇ, ನಿಜ. ಆದರೆ ಎಷ್ಟು ಸುಟ್ಟರು, ಯಾವ ಸಾಲಿನಲ್ಲಿಟ್ಟರು ಅನ್ನುವುದರ ಮೇಲೂ ಬಣ್ಣ ಬದಲಾಗುತ್ತದೆ.

ಪ್ರಶ್ನೆ: ಸುಟ್ಟ ಮರದ ಚೂರು ಬಾಟಲಿಗೆ ಹಾಕಿದರೆ ಮೂರು ದಿನದಲ್ಲಿ ಹತ್ತು ವರ್ಷದ ರುಚಿ ಬರುತ್ತದೆ ಅಂತ ವಿಡಿಯೊ ನೋಡಿದೆ. ಮಾಡಿ ನೋಡಲಾ?

ದಯವಿಟ್ಟು ಬೇಡ. ಬಣ್ಣ, ಒಗರು ಬೇಗ ಇಳಿಯುತ್ತವೆ, ಒಪ್ಪುತ್ತೇನೆ. ಮರದ ಸಂದಿಯಿಂದ ಗಾಳಿ ಹಾಯ್ದು ಸಾರಾಯಿಯ ಖಾರ ನಿಧಾನವಾಗಿ ಮೆತ್ತಗಾಗುತ್ತದಲ್ಲ, ಅದು ಮೂರು ದಿನದ ಕೆಲಸವಲ್ಲ. ಇಂಥ ಮರದ ಚೂರಿನ ಪೊಟ್ಟಣ ಮಾರುವವರು ಸುಮ್ನೆ ಸುಳ್ಳು ಹೇಳುತ್ತಿದ್ದಾರೆ. ಒಬ್ಬ ಓದುಗರು ಹಳೇ ಬಾಗಿಲಿನ ಮರ ಸುಟ್ಟು ಹಾಕಿದ್ದೆ ಅಂತ ಬರೆದಿದ್ದರು. ಓದಿ ಗಾಬರಿಯಾಯಿತು. ಪಾಲಿಶ್, ಗೆದ್ದಲಿನ ಔಷಧಿ, ಏನೆಲ್ಲ ಹೀರಿಕೊಂಡ ಮರವೋ ಅದು! ಜೊತೆಗೆ ಬೆಂಕಿಯ ಪಕ್ಕದಲ್ಲೇ ಬಾಟಲಿ ತೆರೆದಿಟ್ಟುಕೊಂಡು ಈ ಪ್ರಯೋಗ. ಆಲ್ಕೋಹಾಲ್ ಆವಿಗೆ ಒಂದು ಕಿಡಿ ಸಾಕು.

ಪ್ರಶ್ನೆ: ಬರ್ಬನ್‌ನಲ್ಲಿ ಓಕ್ ಸಾರ ಇರುವುದರಿಂದ ಶೀತಕ್ಕೆ ಒಳ್ಳೆಯದಂತೆ. ಮಗುವಿಗೆ ಒಂದು ಚಮಚ ಕೊಡಬಹುದಾ?

ಕೊಡಬಾರದು. ಒಂದು ಹನಿಯೂ ಕೊಡಬಾರದು. ಇದನ್ನು ಹೇಳಿಕೊಟ್ಟವರು ಯಾರೇ ಆಗಿರಲಿ, ಅವರ ಮಾತು ಬಿಟ್ಟು ಮಗುವನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.